ಗೆದ್ದ ಮರುವರ್ಷ

ಮೊನ್ನೆ ಕೆನಡಾದ ಅರೋರಾದಲ್ಲಿ ನಡೆದ, ಒಂದು ಕಾಲಕ್ಕೆ ನಮ್ಮ ಎದುರುಮನೆಯವರಾಗಿದ್ದ ಹಿರಿಯರ ಶ್ರದ್ಧಾಂಜಲಿ ಸಭೆಯಲ್ಲಿ ಒಂಬತ್ತು ಜನ ಮಾತಾಡಿದರು. ಒಬ್ಬರು ಅವರ ಎಂಜಿನಿಯರಿಂಗ್ ಪ್ರತಿಭೆಯನ್ನು ಕೊಂಡಾಡಿದರು. ಇನ್ನೊಬ್ಬರು, ಎಪ್ಪತ್ತರ ದಶಕದಲ್ಲಿ ಬಂದಿಳಿದ ಕನ್ನಡಿಗರಿಗೆಲ್ಲ ಅವರ ಬೇಸ್‌ಮೆಂಟೇ ಮೊದಲ ಬಿಡಾರವಾಗಿದ್ದನ್ನು ನೆನೆದರು. ಮತ್ತೊಬ್ಬರು ಗಂಟಲು ಸರಿಮಾಡಿಕೊಂಡು, ಸೋಲು ಗೆಲುವುಗಳನ್ನು ಒಂದೇ ಸಮನಾಗಿ ಕಂಡ ಸ್ಥಿತಪ್ರಜ್ಞರು ಎಂದರು. ಅಲ್ಲಿಯ ತನಕ ಗಂಭೀರವಾಗಿಯೇ ಕೂತಿದ್ದ ನನ್ನ ಗಂಡ ಕೆಮ್ಮಿನ ನೆಪ ಮಾಡಿಕೊಂಡು ಎದ್ದು ಹೊರಗೆ ಹೋದರು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಅಳುತ್ತಿದ್ದೇನೆಂದು ತಿಳಿದು ಪಕ್ಕದವರು ನನ್ನ ಬೆನ್ನು ಸವರಿದರು.

ಒಂಬತ್ತು ಜನರಲ್ಲಿ ಒಬ್ಬರೂ ಫುಟ್‌ಬಾಲಿನ ಸುದ್ದಿ ಎತ್ತಲಿಲ್ಲ. ತಮ್ಮ ಮೆಚ್ಚಿನ ತಂಡ ಸೋತ ಭಾನುವಾರ ಸಂಜೆ ಅನ್ನ ಮುಟ್ಟದೆ ಮುಸುಕೆಳೆದು ಮಲಗುತ್ತಿದ್ದ ಮನುಷ್ಯನನ್ನು ಸ್ಥಿತಪ್ರಜ್ಞ ಅನ್ನುವುದಕ್ಕೆ ಧೈರ್ಯ ಬೇಕು. ಕೊನೆಯಲ್ಲಿ ನನ್ನನ್ನೂ ಎರಡು ಮಾತಾಡಲು ಕರೆದರು. ನಾನು ಎದ್ದುನಿಂತು, ಅವರು ಬಹಳ ಒಳ್ಳೆಯವರು ಎಂದು ಹೇಳಿ ಕೂತುಬಿಟ್ಟೆ. ಹೇಳಬೇಕಾಗಿದ್ದದ್ದು ಎರಡು ಮಾತಿನದಾಗಿರಲಿಲ್ಲ. ಅದನ್ನು ಇಲ್ಲಿ ಹೇಳುತ್ತೇನೆ.

ನಾವು ಪಿಕರಿಂಗ್‌ನಲ್ಲಿ ಮನೆ ಮಾಡಿದ ದಿನವೇ ಅವರು ಎದುರುಮನೆಯಿಂದ ರಸ್ತೆ ದಾಟಿ ಬಂದರು. ಅರವತ್ತೆಂಟರ ಆಸುಪಾಸು, ಕುಳ್ಳು ದೇಹ, ಪಂಚೆಯ ಮೇಲೆ ಪಕ್ಕದ ಮಹಾನಗರದ ತಂಡದ ಗಾಢ ನೀಲಿ ಬಣ್ಣದ ಫುಟ್‌ಬಾಲ್ ಜೆರ್ಸಿ. ಜೆರ್ಸಿ ಯಾರೋ ಆರೂವರೆ ಅಡಿ ಎತ್ತರದವನಿಗೆಂದು ಹೊಲಿದದ್ದು. ಅವರಿಗೆ ಮೊಣಕಾಲಿನವರೆಗೆ ಬರುತ್ತಿತ್ತು. ನಾನು ಬೆಂಗಳೂರಿನ ಅಭ್ಯಾಸದಂತೆ ಅಂಕಲ್ ಎಂದೆ. ಅವರು ಅಲ್ಲೇ ತಡೆದರು. ಗ್ಯಾಸ್ ಸ್ಟೇಷನ್ನಿನವನೂ ಅಂಕಲ್, ಸಮೋಸ ಮಾರುವವನೂ ಅಂಕಲ್, ತಮ್ಮನ್ನು ಮಾವ ಎಂದು ಕರೆಯಬೇಕು, ಒಳಗಿರುವವಳನ್ನು ಅತ್ತೆ ಎನ್ನಬೇಕು ಎಂದು ಉಡುಪಿ ಕಡೆಯ ಕನ್ನಡದಲ್ಲಿ ಅಪ್ಪಣೆಯಾಯಿತು. ಗಂಡ ಹೆಂಡತಿ ತಮ್ಮತಮ್ಮಲ್ಲಿ ತುಳು ಆಡುತ್ತಿದ್ದರು; ನಮ್ಮೆದುರು ಮರ್ಯಾದೆಗೆ ಕನ್ನಡಕ್ಕೆ ಬರುತ್ತಿದ್ದರು. ಆಮೇಲೆ ಮಾವ ನನ್ನ ಗಂಡನನ್ನು ಮೇಲಿಂದ ಕೆಳಗೆ ನೋಡಿ, ಭಾನುವಾರ ಮಧ್ಯಾಹ್ನ ಏನು ಮಾಡುತ್ತೀರಿ ಎಂದು ಕೇಳಿದರು. ಈ ಬಡಪಾಯಿ, ಏನಿಲ್ಲ, ಸುಮ್ಮನೆ ಇರುತ್ತೇನೆ ಎಂದುಬಿಟ್ಟರು. ಮುಂದಿನ ಐದು ವರ್ಷಗಳ ನಮ್ಮ ಭಾನುವಾರಗಳು ಆ ಒಂದು ಮಾತಿಗೆ ಹೋದವು.

ಇಲ್ಲಿ ಫುಟ್‌ಬಾಲ್ ಎಂದರೆ ಕಾಲಿನಲ್ಲಿ ಒದೆಯುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಬಗಲಲ್ಲಿಟ್ಟುಕೊಂಡು ಓಡುವುದು, ಓಡುವವನ ಮೇಲೆ ಐದಾರು ಜನ ಬೀಳುವುದು. ಅಮೆರಿಕದವರ ಆಟಕ್ಕೆ ಕೆನಡಾದ ತಮ್ಮ. ಅಲ್ಲಿ ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ, ಇಲ್ಲಿ ಮೂರು. ಈ ಒಂದು ವ್ಯತ್ಯಾಸದ ಮೇಲೆ ಮಾವನಿಗೆ ಅಪಾರ ಹೆಮ್ಮೆ. ನಾಲ್ಕು ಸಲ ಕೊಟ್ಟರೆ ಯಾರು ಬೇಕಾದರೂ ಹೋಗಿಯಾರು ಎಂದು, ಅಮೆರಿಕದಿಂದ ಬಂದ ನೆಂಟರ ಮುಖಕ್ಕೇ ಹೇಳುತ್ತಿದ್ದರು.

ಅವರಿಗೆ ಈ ಹುಚ್ಚು ಹತ್ತಿದ್ದು ಕೆಲಸದ ಜಾಗದಲ್ಲಿ. ಪಿಕರಿಂಗ್‌ನ ಅಣುಸ್ಥಾವರಕ್ಕೆ ಅವರು ಸೇರಿದಾಗ ಊಟದ ಕೋಣೆಯಲ್ಲಿ ಎರಡೇ ಮಾತು, ಹಾಕಿ ಅಥವಾ ಫುಟ್‌ಬಾಲು. ಮಾತಿಗೆ ಸೇರಬೇಕಾದರೆ ಎರಡರಲ್ಲೊಂದು ಕಲಿಯಬೇಕು. ಹಾಕಿಯನ್ನು ಒಂದು ಚಳಿಗಾಲ ನೋಡಿದರಂತೆ. ಮಂಜುಗಡ್ಡೆಯ ಮೇಲೆ ಜಾರುವ ಆ ಕರಿಯ ಬಿಲ್ಲೆ ಎಲ್ಲಿದೆ ಎಂದು ಕಣ್ಣಿಗೆ ಸಿಗುವಷ್ಟರಲ್ಲಿ ಗೋಲಾಗಿ ಜನ ಎದ್ದುನಿಂತಿರುತ್ತಿದ್ದರು. ಫುಟ್‌ಬಾಲಿನಲ್ಲಿ ಹಾಗಲ್ಲ. ಆರು ಸೆಕೆಂಡು ಆಟ, ಆಮೇಲೆ ಎಲ್ಲರೂ ನಿಂತು ಚರ್ಚೆ. ಆಗಿದ್ದೇನು, ಆಗಬೇಕಿದ್ದೇನು ಎಂದು ಬರೆದುಕೊಳ್ಳಲು ಸಮಯವಿದೆ. ಎಂಜಿನಿಯರಿಗೆಂದೇ ದೇವರು ಮಾಡಿದ ಆಟ ಇದು ಎಂದು ಅವರ ತೀರ್ಮಾನ.

ಬರೆದುಕೊಳ್ಳುವುದೆಂದರೆ ನಿಜವಾಗಿಯೂ ಬರೆದುಕೊಳ್ಳುವುದು. ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಇಪ್ಪತ್ತಾರು ವರ್ಷ ಶಿಫ್ಟ್ ಮಾಡಿದವರು, ನಿಮಿಷ ನಿಮಿಷಕ್ಕೆ ಲಾಗ್ ಬುಕ್ಕಿನಲ್ಲಿ ದಾಖಲಿಸುವುದು ಕೈಗೆ ಅಂಟಿಹೋಗಿತ್ತು. ಬೇಸ್‌ಮೆಂಟಿನಲ್ಲಿ ಟಿವಿ ಪಕ್ಕದಲ್ಲಿ ಉದ್ದನೆಯ ಹಸಿರು ಪುಸ್ತಕ, ದಾರದಲ್ಲಿ ಕಟ್ಟಿದ ಪೆನ್ನು. ಒಮ್ಮೆ ಅದನ್ನು ತಿರುವಿ ನೋಡಿದ್ದೆ. ಮೂರು ಗಂಟೆ ಹನ್ನೆರಡು ನಿಮಿಷ, ಬಲಗಡೆಯಿಂದ ಓಟ, ನಾಲ್ಕು ಗಜ. ಮೂರು ಹದಿಮೂರು, ಪುನಃ ಅದೇ ಓಟ, ಎರಡು ಗಜ ನಷ್ಟ. ಮೂರು ಹದಿನಾಲ್ಕು, ಇವರಿಗೆ ಬುದ್ಧಿ ಇಲ್ಲ.

ಕಂಟ್ರೋಲ್ ರೂಮಿನಿಂದ ಬಂದ ಇನ್ನೊಂದು ನಿಯಮ ಬೇಸ್‌ಮೆಂಟಿನ ಸಂವಿಧಾನವಾಗಿತ್ತು. ಅಲ್ಲಿ ಯಂತ್ರದ ಮುಂದೆ ಕೂತವನು, ಬದಲಿಯವನು ಬಂದು ಪಕ್ಕದಲ್ಲಿ ನಿಂತು, ಪರಿಸ್ಥಿತಿ ಕೇಳಿ ತಿಳಿದು, ಈಗ ಇದು ನನ್ನದು ಎಂದು ಬಾಯಿಬಿಟ್ಟು ಹೇಳುವ ತನಕ ಏಳುವಂತಿಲ್ಲವಂತೆ. ಮನೆಗೆ ಬೆಂಕಿ ಬಿದ್ದರೂ ಸರಿ. ನಮಗೂ ಅದೇ ನಿಯಮ. ತಂಡ ಆಡುವಾಗ ಸೋಫಾದಲ್ಲಿ ಯಾರ ಜಾಗವೂ ಖಾಲಿ ಇರಕೂಡದು. ಮಾವ ಎಡತುದಿ, ನನ್ನ ಗಂಡ ನಡುವೆ, ನಾನು ಬಲತುದಿ. ಒಂದು ಸಲ ನನಗೆ ಬಾತ್‌ರೂಮಿಗೆ ಹೋಗಲೇಬೇಕಾಯಿತು. ಮಾವ ಮೇಲಿದ್ದ ಅತ್ತೆಯನ್ನು ಕೂಗಿ ಕರೆದರು. ಅತ್ತೆ ಮಂಡಿ ಹಿಡಿದುಕೊಂಡು ಹದಿನಾಲ್ಕು ಮೆಟ್ಟಿಲು ಇಳಿದು ಬರುವ ತನಕ ನಾನು ಕಾಲು ಒತ್ತಿಕೊಂಡು ಕೂತಿದ್ದೆ. ಬಂದ ಮೇಲೂ ಬಿಡಲಿಲ್ಲ. ಎರಡನೇ ಅವಕಾಶ, ಇನ್ನು ಏಳು ಗಜ ಬೇಕು ಎಂದು ನಾನು ಅತ್ತೆಗೆ ವರದಿ ಒಪ್ಪಿಸಬೇಕಾಯಿತು, ಅವರು ಈಗ ಇದು ನನ್ನದು ಎನ್ನಬೇಕಾಯಿತು. ಆಟ ಮುಗಿದ ಮೇಲೆ ನಾನು ಇನ್ನು ಈ ಮನೆಗೆ ಕಾಲಿಡುವುದಿಲ್ಲ ಎಂದು ಗಂಡನಿಗೆ ಹೇಳಿದೆ. ಮುಂದಿನ ಭಾನುವಾರ ಹೋದೆ. ಅತ್ತೆಯ ಗೋಳಿಬಜೆಗೆ ಹೋದೆ ಎಂದರೂ ತಪ್ಪಿಲ್ಲ. ಆಟದ ಅರ್ಧ ಮುಗಿದಾಗ ಬಿಸಿಬಿಸಿ ಗೋಳಿಬಜೆ, ತೆಂಗಿನ ಚಟ್ನಿ, ಚಹಾ ಕೆಳಗೆ ಇಳಿದು ಬರುತ್ತಿತ್ತು. ಅದೂ ಕೂಡ ಕಾಲಕ್ರಮದಲ್ಲಿ ತಂಡದ ಗೆಲುವಿಗೆ ಅಗತ್ಯ ಎಂದು ಲಾಗ್ ಬುಕ್ಕಿನಲ್ಲಿ ಸಾಬೀತಾಗಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ಅವರಿಗೆ ಇದರಲ್ಲಿ ನಿಜವಾಗಿಯೂ ನಂಬಿಕೆಯಿತ್ತೇ ಎಂದು ನೀವು ಕೇಳಬಹುದು. ನಾನು ಕೇಳಿದ್ದೆ. ರಿಯಾಕ್ಟರ್ ನಡೆಸಿದ ಮನುಷ್ಯ, ಸೋಫಾದಲ್ಲಿ ಕೂತರೆ ಚೆಂಡು ಆ ಕಡೆ ಹೋಗುತ್ತೆ ಅಂತೀರಲ್ಲ ಮಾವ ಎಂದು ಕೆಣಕಿದ್ದೆ. ಅವರು ನಗಲಿಲ್ಲ. ಇಪ್ಪತ್ತಾರು ವರ್ಷ ಯಾರೂ ಸೀಟು ಬಿಟ್ಟು ಏಳಲಿಲ್ಲ, ಇಪ್ಪತ್ತಾರು ವರ್ಷ ಏನೂ ಆಗಲಿಲ್ಲ, ಎರಡಕ್ಕೂ ಸಂಬಂಧ ಇಲ್ಲ ಅಂತ ನೀನು ಸಾಬೀತು ಮಾಡು ಎಂದರು.

ಹೀಗಿರುವಾಗ 2012ರ ನವೆಂಬರಿನಲ್ಲಿ ತಂಡ ನಿಜವಾಗಿಯೂ ಕಪ್ ಗೆದ್ದುಬಿಟ್ಟಿತು. ಮಾವ ಅತ್ತರು. ಪೇಟೆಯಲ್ಲಿ ಮೆರವಣಿಗೆಯ ದಿನ ಮಂಕಿ ಟೋಪಿ ಹಾಕಿಕೊಂಡು ಅತ್ತೆಯನ್ನೂ ಎಳೆದುಕೊಂಡು ರೈಲು ಹತ್ತಿದರು. ಗಂಟೆಗಟ್ಟಲೆ ಚಳಿಯಲ್ಲಿ ನಿಂತು, ಕಪ್ ಹಿಡಿದ ಆಟಗಾರ ಹತ್ತಿರ ಬಂದಾಗ ತುಳುವಿನಲ್ಲಿ ಏನೋ ಕೂಗಿದರಂತೆ. ಆ ಹುಡುಗ ತಿರುಗಿ ಕೈಬೀಸಿದನಂತೆ. ನಮ್ಮೂರಿನವನಿರಬೇಕು ಎಂದು ಅತ್ತೆ ತಮಾಷೆ ಮಾಡಿದರೆ, ಮಾವ ಸ್ವಲ್ಪ ಹೊತ್ತು ಯೋಚಿಸಿದರಂತೆ.

ಆದರೆ ಆ ಗೆಲುವಿನಿಂದ ಅತ್ತೆಗೆ ಒಂದು ಸಂಕಟ ಬಂತು. ಅವರ ಒಬ್ಬಳೇ ಮಗಳು ವಿನಯಾ ಅರೋರಾದಲ್ಲಿದ್ದಳು. ಒಂದು ಮಗು ಕೈಯಲ್ಲಿ, ಇನ್ನೊಂದು ಹೊಟ್ಟೆಯಲ್ಲಿ. ಅವಳ ಮನೆಯಲ್ಲಿ ನೆಲಮಟ್ಟದಲ್ಲೇ ಒಂದು ರೂಮು ಇವರಿಗೆಂದು ಖಾಲಿಯಿತ್ತು. ಅತ್ತೆಯ ಎರಡೂ ಮಂಡಿ ಕೆಟ್ಟಿದ್ದವು. ಪಿಕರಿಂಗ್‌ನ ಮನೆಯಲ್ಲೋ ಎಲ್ಲಿಗೆ ಹೋಗಬೇಕಾದರೂ ಮೆಟ್ಟಿಲು. ಅವರಿಗೆ ಬೇಗ ಮಗಳ ಹತ್ತಿರ ಹೋಗಬೇಕು, ಮೊಮ್ಮಗುವನ್ನು ತೊಡೆಯ ಮೇಲೆ ಹಾಕಿಕೊಳ್ಳಬೇಕು. ಮಾವ ಎರಡು ವರ್ಷದಿಂದ ಹೂಂ ಹೂಂ ಎನ್ನುತ್ತ ದಿನ ತಳ್ಳುತ್ತಿದ್ದವರು, ಗೆದ್ದ ಮೇಲೆ ಖಡಾಖಂಡಿತವಾಗಿ ಹೇಳಿಬಿಟ್ಟರು. ಗೆದ್ದದ್ದು ಈ ಮನೆಯಲ್ಲಿ ಕೂತು. ಕಪ್ ನಮ್ಮಲ್ಲಿರುವ ತನಕ ಮನೆ ಬದಲಿಸುವಂತಿಲ್ಲ. ಸೋತ ದಿನ ಸಾಮಾನು ಕಟ್ಟುತ್ತೇನೆ, ಪುನಃ ಗೆದ್ದರೆ ಇನ್ನೊಂದು ವರ್ಷ ಇಲ್ಲೇ. ವಿನಯಾ ಫೋನಿನಲ್ಲಿ ಇಂಗ್ಲಿಷಿನಲ್ಲಿ ಕಿರುಚಾಡಿದಳು. ಆಮೇಲೆ ಅವಳೂ, ಹೇಗಿದ್ದರೂ ಎರಡು ವರ್ಷ ಒಟ್ಟೊಟ್ಟಿಗೆ ಯಾರೂ ಗೆಲ್ಲಲ್ಲ ಎಂದು ಯಾರಿಂದಲೋ ಕೇಳಿಕೊಂಡು ಒಪ್ಪಿದಳು. ಅಪ್ಪ ಮಗಳ ನಡುವೆ ಹಾಗೆ ಒಪ್ಪಂದವಾಯಿತು.

ಒಪ್ಪಂದವಾದದ್ದು 2013ರ ಬೇಸಿಗೆಯಲ್ಲಿ. ಅತ್ತೆ ಅಂಗಡಿಯಿಂದ ಬಾಳೆಹಣ್ಣಿನ ಖಾಲಿ ಪೆಟ್ಟಿಗೆಗಳನ್ನು ತಂದು ಗರಾಜಿನಲ್ಲಿ ಪೇರಿಸಿಟ್ಟರು. ಹೇಗಿದ್ದರೂ ಸೋಲುತ್ತಾರಲ್ಲ.

ಗೆದ್ದ ವರ್ಷ ಸುಲಭ, ಮರುವರ್ಷ ಕಷ್ಟ ಎಂದು ಮಾವ ನಮಗೆ ಪಾಠ ಮಾಡಿದರು. ಉಳಿದ ತಂಡಗಳೆಲ್ಲ ಚಳಿಗಾಲವಿಡೀ ನಿಮ್ಮ ಆಟವನ್ನೇ ನೋಡಿ ನೋಡಿ ಕಲಿತಿರುತ್ತಾರೆ. ನಿಮ್ಮ ಒಳ್ಳೆಯ ಆಟಗಾರರನ್ನು ಹೆಚ್ಚು ಸಂಬಳ ಕೊಟ್ಟು ಕರೆದೊಯ್ದಿರುತ್ತಾರೆ. ಉಳಿದವರು ಸನ್ಮಾನದ ಊಟ ಉಂಡು ದಪ್ಪಗಾಗಿರುತ್ತಾರೆ. ಎಲ್ಲವೂ ಅವರು ಹೇಳಿದಂತೆಯೇ ಆಯಿತು. ಒಂದು ವಾರ ಗೆದ್ದರೆ ಮುಂದಿನ ವಾರ ಮುಗ್ಗರಿಸಿದರು. ಚೆಂಡು ಎಸೆಯುವ ಮುಖ್ಯ ಆಟಗಾರನ ಭುಜ ನೋವಾಯಿತು. ಮಾವ ಎರಡು ದಿನ ತಮ್ಮ ಭುಜಕ್ಕೇ ಎಣ್ಣೆ ತಿಕ್ಕಿಸಿಕೊಂಡರು. ಬದಲಿಗೆ ಬಂದವನು ಮೊದಲ ಆಟದಲ್ಲಿ ಎದುರಾಳಿಯ ಕೈಗೇ ಚೆಂಡು ಕೊಟ್ಟಾಗ ಅವರು ಟಿವಿಗೆ ಬೆನ್ನು ಹಾಕಿ ಕೂತರು, ಆದರೆ ಕೂತಿದ್ದರು.

ಅದೇ ಸಮಯದಲ್ಲಿ ಅವರು ತಂಡದ ಕೋಚಿಗೆ ಕಾಗದ ಬರೆದರು. ರಿಟೈರ್ಡ್ ಎಂಜಿನಿಯರ್ ಎಂದು ಶುರುಮಾಡಿ, ಎಡಗಡೆಯ ರಕ್ಷಣೆಯಲ್ಲಿ ಎಲ್ಲಿ ಬಿರುಕಿದೆ ಎಂದು ಮೂರು ಪುಟ, ಜೊತೆಗೆ ಸ್ಕೇಲಿಟ್ಟು ಗೆರೆ ಹಾಕಿದ ಎರಡು ನಕ್ಷೆ. ಹತ್ತು ದಿನದಲ್ಲಿ ಉತ್ತರ ಬಂತು. ನಿಮ್ಮ ಬೆಂಬಲಕ್ಕೆ ಧನ್ಯವಾದ ಎಂಬ ಅಚ್ಚು ಹಾಕಿದ ಒಂದು ಸಾಲು, ತಂಡದ ಫೋಟೋ, ಪೆನ್ಸಿಲ್ ಡಬ್ಬಿಗೆ ಅಂಟಿಸುವ ಸ್ಟಿಕ್ಕರು. ಮಕ್ಕಳಿಗೆ ಕಳಿಸುವ ಲಕೋಟೆ ಅದು. ಆದರೆ ಆ ಭಾನುವಾರ ಎಡಗಡೆಯ ರಕ್ಷಣೆಗೆ ಒಬ್ಬ ಹೊಸಬ ಬಂದು ನಿಂತಿದ್ದ, ತಂಡ ಗೆದ್ದಿತು. ಮಾವ ಆ ಸ್ಟಿಕ್ಕರನ್ನು ಲಾಗ್ ಬುಕ್ಕಿನ ಮೇಲೆ ಅಂಟಿಸಿದರು, ಅಷ್ಟೇ.

ಶರತ್ಕಾಲ ಬರುವಷ್ಟರಲ್ಲಿ ತಂಡ ತನ್ನ ಗುಂಪಿನಲ್ಲಿ ಎಲ್ಲರಿಗಿಂತ ಮೇಲೆ ಬಂದು ಕೂತಿತ್ತು. ಇನ್ನೊಂದು ಆಟ ಗೆದ್ದರೆ ಫೈನಲ್ಲು. ಗರಾಜಿನ ಪೆಟ್ಟಿಗೆಗಳ ಮುಂದೆ ಮಾವ ಹಿಮ ತಳ್ಳುವ ಯಂತ್ರ ತಂದಿಟ್ಟರು. ಒಂದು ಪೆಟ್ಟಿಗೆಯನ್ನು ಹಳೆಯ ಲಾಗ್ ಬುಕ್ಕುಗಳಿಗೆಂದು ಒಳಗೊಯ್ದರು. ಅತ್ತೆ ನೋಡಿಯೂ ನೋಡದಂತಿದ್ದರು.

ಈ ಅತ್ತೆಯ ಮೇಲೆ ನನಗೆ ಕೋಪ ಬರುತ್ತಿತ್ತು. ಬೇಸಿಗೆಯಿಂದ ಒಂದೇ ಒಂದು ವಾರವೂ ಅವರು ಗೋಳಿಬಜೆ ತಪ್ಪಿಸಲಿಲ್ಲ. ಹಿಟ್ಟಿಗೆ ಮೊಸರು ಹುಳಿಯಾಗಿದೆಯೋ ಇಲ್ಲವೋ ಎಂದು ಶನಿವಾರವೇ ನೆಕ್ಕಿ ನೋಡುತ್ತಿದ್ದರು. ಒಮ್ಮೆ ಜ್ವರದಲ್ಲೂ ಕರಿದರು. ಒಂದು ವಾರ ಎಣ್ಣೆ ಮುಗಿದಿದೆ ಅಂತ ಸುಳ್ಳು ಹೇಳಿ ಅತ್ತೆ, ಸೋತು ಹೋಗ್ತಾರೆ, ನೀವು ಅರೋರಾಗೆ ಹೋಗಬಹುದು ಎಂದು ನಾನೇ ಉಪಾಯ ಹೇಳಿಕೊಟ್ಟಿದ್ದೆ. ಅವರು ಗಾಬರಿಯಿಂದ ನನ್ನ ಮುಖ ನೋಡಿದ್ದರು. ಗಂಡನ ಮೂಢನಂಬಿಕೆಯನ್ನು ಈ ಹೆಂಗಸೂ ನಂಬಿಕೊಂಡಿದ್ದಾಳೆ ಎಂದು ನನಗಾಗ ಹೊಳೆಯಿತು.

ಆ ನವೆಂಬರ್ ಭಾನುವಾರ ನಮ್ಮ ತಂಡ ಸೋತಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಹೇಳಹೊರಟಿರುವುದು ಆಟದ ಫಲಿತಾಂಶವಲ್ಲ. ಎದುರಾಳಿ, ನಮ್ಮೂರಿನ ಪಕ್ಕದ ದೊಡ್ಡ ಸರೋವರದ ಆ ತುದಿಯ ಊರಿನವರು. ಆಟ ನಮ್ಮ ಪೇಟೆಯಲ್ಲೇ. ಅರ್ಧ ಆಟ ಮುಗಿದಾಗ ನಮ್ಮವರು ಎಷ್ಟೋ ಮುಂದಿದ್ದರು. ಮಾವ ಪೆನ್ನು ಕೆಳಗಿಟ್ಟು ಕೈ ಉಜ್ಜಿಕೊಂಡರು. ಅವರು ಅಷ್ಟು ಸಂತೋಷವಾಗಿದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಆದರೆ ಗೋಳಿಬಜೆ ಬರಲಿಲ್ಲ. ಐದು ನಿಮಿಷ ಕಾದು ನಾನೇ ಮೇಲೆ ಹೋದೆ.

ತಟ್ಟೆ ಸಿದ್ಧವಾಗಿ ಒಲೆಯ ಪಕ್ಕದಲ್ಲಿತ್ತು. ಅತ್ತೆ ಅಡುಗೆಮನೆಯ ಮೂಲೆಯಲ್ಲಿ ದೇವರ ಗೂಡಿನ ಮುಂದೆ ಸ್ಟೂಲಿನ ಮೇಲೆ ಕೂತು ಕೈಮುಗಿದಿದ್ದರು. ಬೆಳಿಗ್ಗೆ ವಿನಯಾ ಫೋನ್ ಮಾಡಿದ್ದಳಂತೆ, ಡಾಕ್ಟರು ಇನ್ನು ಮೂರೇ ವಾರ ಎಂದಿದ್ದಾರಂತೆ, ಅಮ್ಮ ನೀನು ಬರ್ತೀಯಲ್ಲ ಎಂದು ಕನ್ನಡದಲ್ಲಿ ಕೇಳಿದಳಂತೆ. ಸದಾ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ಅವಳು. ನಾನು ಅತ್ತೆಯ ಭುಜದ ಮೇಲೆ ಕೈಯಿಟ್ಟು, ಬೇಡ್ಕೊಳ್ಳಿ ಅತ್ತೆ, ಸೋಲಲಿ ಅಂತ ನಾನೂ ಬೇಡ್ಕೋತೀನಿ ಎಂದೆ.

"ಸೋಲ್ಲಿ ಅಂತ ಬೇಡುದು ಹೇಗೆ ಮಾರಾಯ್ತಿ?" ಎಂದರು ಅವರು. "ನಾನು ಗೆಲ್ಲಲಿ ಅಂತಲೇ ಬೇಡುದು. ಇಡೀ ವರ್ಷ ಹಾಗೇ ಬೇಡಿದ್ದು. ಸೋತರೆ ಅವರ ಮುಖ ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ."

ನನಗೆ ಮೈ ಉರಿಯಿತು. ತಟ್ಟೆ ತೆಗೆದುಕೊಂಡು ಕೆಳಗಿಳಿದು, ಮಾವನ ಮುಂದೆ ಅದನ್ನು ಸದ್ದಾಗುವಂತೆ ಇಟ್ಟು, ಮೇಲೆ ಕೇಳಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಮೂರು ವಾರ, ಮಗಳ ಫೋನು, ಎಲ್ಲ. ಕೊನೆಗೆ, ನಿಮ್ಮ ತಂಡ ಗೆಲ್ಲಲಿ ಅಂತ ಅವರು ಇಡೀ ವರ್ಷ ದೇವರಿಗೆ ಕೈ ಮುಗ್ದಿದ್ದಾರೆ ಮಾವ, ನಿಮಗೆ ಗೊತ್ತಿತ್ತಾ ಎಂದೆ. ನನ್ನ ಗಂಡ ನನ್ನ ಸೆರಗು ಜಗ್ಗಿದರು. ಆಟ ಪುನಃ ಶುರುವಾಗಿತ್ತು. ಮಾವ ಪೆನ್ನು ಎತ್ತಿಕೊಂಡರು. ಎಂಥ ಕಲ್ಲು ಮನುಷ್ಯ ಎಂದುಕೊಂಡೆ.

ಆದರೆ ಅವರು ಬರೆಯುತ್ತಿರಲಿಲ್ಲ. ಎದುರಾಳಿಗಳು ಸ್ವಲ್ಪ ಸ್ವಲ್ಪವೇ ಹತ್ತಿರ ಬಂದರು. ಕೊನೆಯ ಹಂತದಲ್ಲಿ ನಮ್ಮವರಿಗೆ ಎರಡೇ ಅಂಕದ ಮುನ್ನಡೆ ಉಳಿದಿತ್ತು, ಚೆಂಡೂ ನಮ್ಮವರ ಕೈಯಲ್ಲೇ ಇತ್ತು. ಸ್ಟೇಡಿಯಮ್ಮಿನಲ್ಲಿ ಜನ ಎದ್ದುನಿಂತು ಕೂಗುತ್ತಿದ್ದರು. ಆಗ ಮಾವ ಪುಸ್ತಕ ಮುಚ್ಚಿದರು. ಪಂಚೆ ಸರಿಮಾಡಿಕೊಂಡು ಎದ್ದರು.

ನಾವಿಬ್ಬರೂ ಬೆಚ್ಚಿಬಿದ್ದೆವು. ಐದು ವರ್ಷದಲ್ಲಿ ಅವರು ಆಟದ ನಡುವೆ ಎದ್ದದ್ದನ್ನು ನಾವು ನೋಡಿರಲಿಲ್ಲ. ಮಾವ, ಸೀಟು ಯಾರಿಗೆ ಕೊಡ್ತೀರಿ, ನಾನು ಬರ್ಲಾ ಎಂದು ನನ್ನ ಗಂಡ ಅರ್ಧ ಎದ್ದೇ ಕೇಳಿದರು. ಬೇಡ, ಖಾಲಿ ಇರಲಿ ಎಂದು ಹೇಳಿ ಅವರು ಮೆಟ್ಟಿಲು ಹತ್ತಿದರು. ನಾನೂ ಹಿಂದೆಯೇ ಓಡಿದೆ.

ಅತ್ತೆ ಇನ್ನೂ ದೇವರ ಗೂಡಿನ ಮುಂದೆಯೇ ಇದ್ದರು. ಗಂಡನನ್ನು ಕಂಡು ಗಡಿಬಿಡಿಯಿಂದ ಎದ್ದು, ಆಟ ಮುಗಿಯಿತೇ ಎಂದು ಕೇಳಿದರು. ಇಲ್ಲ ಎಂದರು ಮಾವ. ಹಾಗಾದರೆ ಎಂತಕ್ಕೆ ಎದ್ದು ಬಂದದ್ದು, ಹೋಗಿ ಕೂತುಕೊಳ್ಳಿ ಎಂದು ಅತ್ತೆ ಅವರನ್ನು ಎರಡೂ ಕೈಯಿಂದ ಮೆಟ್ಟಿಲ ಕಡೆಗೆ ತಳ್ಳತೊಡಗಿದರು. ಮಾವ ಜಗ್ಗಲಿಲ್ಲ. ಕುರ್ಚಿ ಎಳೆದುಕೊಂಡು ಊಟದ ಮೇಜಿನ ಮುಂದೆ ಕೂತರು.

"ವಿನಯಾಳಿಗೆ ಫೋನ್ ಮಾಡು," ಎಂದರು. "ಈ ಶನಿವಾರವೇ ಬರ್ತೇವೆ ಅಂತ ಹೇಳು."

"ಗೆದ್ದರೆ?"

"ಇನ್ನು ಗೆಲ್ಲುದಿಲ್ಲ. ನಾನು ಎದ್ದು ಬಂದಾಯ್ತಲ್ಲ."

ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು ಫೋನ್ ಎತ್ತಿಕೊಂಡರು. ಆಗ ನಮ್ಮ ತಂಡ ಇನ್ನೂ ಮುಂದಿತ್ತು.